ಆರ್ಮ್ ಕಂಟೇನರಿಗೆ ದುಭಾಷಿ ಎಲ್ಲಿರಬೇಕು? ಶಿರಸಿಯ ಒಂದೇ ಯಂತ್ರದಲ್ಲಿ ಎಲ್ಲ ದಾರಿ ನೋಡಿದ ಮೇಲೆ

ಶಿರಸಿಯ ನಮ್ಮ ಕೋಣೆಯಲ್ಲಿ ಇರುವುದು ಒಂದೇ ದೊಡ್ಡ ಯಂತ್ರ. ಇಂಟೆಲ್ ಪ್ರೊಸೆಸರ್, ಲಿನಕ್ಸ್, ಮಳೆಗಾಲಕ್ಕೆಂದೇ ತಂದಿಟ್ಟ ಇನ್ವರ್ಟರ್. ಬಳಸುವವರು ಮೂವರು. ಅಡಿಕೆ ಅಂಗಡಿಗಳ ತೂಕದ ಯಂತ್ರಕ್ಕೆ ಜೋಡಿಸುವ ರಾಸ್ಪ್‌ಬೆರಿ ಪೈ ಎಂಬ, ಆರ್ಮ್ ಪ್ರೊಸೆಸರಿನ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನಾನು ತಂತ್ರಾಂಶ ಬರೆಯುತ್ತೇನೆ. ಸೀರಿಯಲ್ ಪೋರ್ಟಿನಿಂದ ತೂಕ ಓದಿ, ರಾಶಿಯೋ ಚಾಲಿಯೋ ಬೆಟ್ಟೆಯೋ ಎಂದು ಆರಿಸಿದ ಕೂಡಲೇ ಚೀಟಿ ಮುದ್ರಿಸುವುದು ಅದರ ಕೆಲಸ. ಕುಮಟೆಯಲ್ಲಿರುವ ಭಾವ ಅದೇ ತಂತ್ರಾಂಶದ ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುತ್ತಾನೆ. ಕಾರವಾರದ ಒಬ್ಬ ವಿದ್ಯಾರ್ಥಿ ರಾತ್ರಿ ಹೊತ್ತು ದೂರದಿಂದ ಲಾಗಿನ್ ಆಗಿ ರಿಸ್ಕ್-ಫೈವ್ ಎಂಬ ಮತ್ತೊಂದು ಬಗೆಯ ಪ್ರೊಸೆಸರಿನ ಕೆಲಸ ಕಲಿಯುತ್ತಾನೆ.

ಒಂದು ಸಂಜೆ ನನ್ನ ಆರ್ಮ್ ಕಂಟೇನರಿನ (ಆರ್ಮ್ ಪ್ರೋಗ್ರಾಮುಗಳನ್ನು ಯಂತ್ರದೊಳಗೇ ಬೇರೆಯಾಗಿ ಕಟ್ಟಿಟ್ಟ ಆವರಣ) ಬಿಲ್ಡ್, ಅಂದರೆ ತಂತ್ರಾಂಶ ಕಟ್ಟುವ ಕೆಲಸ, ಮೊದಲ ಸಾಲಿನಲ್ಲೇ ನಿಂತಿತು. 'ಅಂಥ ಫೈಲ್ ಇಲ್ಲ' ಎಂಬ ದೋಷ. ಒಳಗೆ ನೋಡಿದರೆ, ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಮಾದ ಶೆಲ್ಲಿನ ಫೈಲ್ ಇದ್ದಲ್ಲೇ ಇದೆ, ಅನುಮತಿಗಳೂ ಸರಿ ಇವೆ. ಅಷ್ಟರಲ್ಲಿ ಕಾರವಾರದ ಹುಡುಗನ ಫೋನು: "ಸರ್, ಫೈಲ್ ಕಣ್ಣೆದ್ರಿಗೇ ಅದೆ, ಆದ್ರೂ ಇಲ್ಲ ಅಂತದೆ. ನಾ ಎಂತದೂ ಮುಟ್ಟಲಿಲ್ಲ." ಅವನೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಮುಟ್ಟಿದ್ದು ಭಾವ, ಅದೂ ತನ್ನ ಕೆಲಸಕ್ಕೆ ಬೇಕೇ ಬೇಕಾದದ್ದನ್ನು.

ನಡೆದದ್ದು ಇಷ್ಟು. ಇಂಟೆಲ್ ಯಂತ್ರಕ್ಕೆ ಆರ್ಮ್ ಭಾಷೆ ಬರುವುದಿಲ್ಲ. ಆದರೆ ಲಿನಕ್ಸಿನ ತಿರುಳಾದ ಕರ್ನೆಲಿನಲ್ಲಿ ಬಿನ್‌ಎಫ್‌ಎಂಟಿ ಮಿಸ್ಕ್ ಎಂಬ ಒಂದು ಪಟ್ಟಿ ಇದೆ, 1997ರಿಂದಲೂ ಇದೆ. ಫೈಲಿನ ಮೊದಲ ಕೆಲವು ಬೈಟುಗಳು ಹೀಗಿದ್ದರೆ ಇಂಥ ದುಭಾಷಿಯನ್ನು ಕರೆ ಎಂದು ಅದರಲ್ಲಿ ಬರೆದಿಡಬಹುದು. ಇಎಲ್‌ಎಫ್ (ಲಿನಕ್ಸ್ ಪ್ರೋಗ್ರಾಮುಗಳ ಫೈಲ್ ರೂಪ) ಫೈಲಿನ ಹೆಡರಿನಲ್ಲಿ ಪ್ರೊಸೆಸರಿನ ಸಂಖ್ಯೆ ಇರುತ್ತದೆ: 64 ಬಿಟ್ ಆರ್ಮ್‌ಗೆ 183, 32 ಬಿಟ್ ಆರ್ಮ್‌ಗೆ 40, ರಿಸ್ಕ್-ಫೈವ್‌ಗೆ 243. ಅದನ್ನು ನೋಡಿ ಕರ್ನೆಲ್ ಕ್ಯೂಎಮು ಎಂಬ ದುಭಾಷಿ ತಂತ್ರಾಂಶವನ್ನು ಕರೆಯುತ್ತದೆ, ಕ್ಯೂಎಮು ಅನುವಾದಿಸುತ್ತ ಹೋಗುತ್ತದೆ. ಹಳೆಯ ದೋಷವೊಂದನ್ನು ಮತ್ತೆ ಕಾಣಲು ಭಾವನಿಗೆ ಹಳೆಯ ಕ್ಯೂಎಮು ಬೇಕಿತ್ತು. ಬೇರೆ ಹೆಸರಿನಲ್ಲಿ ನೋಂದಾಯಿಸಿದ. ಈ ಪಟ್ಟಿಯಲ್ಲಿ ಹೊಸ ನಮೂದು ಮೇಲೆ ಕೂರುತ್ತದೆ. ಒಂದೇ ಗುರುತಿಗೆ ಎರಡು ನಮೂದಿದ್ದರೆ ಕಡೆಗೆ ಬರೆದದ್ದೇ ಗೆಲ್ಲುತ್ತದೆ. ಅವನ ನಮೂದು ಹೇಳಿದ ಜಾಗದಲ್ಲಿ ನನ್ನ ಕಂಟೇನರಿನೊಳಗೆ ಕ್ಯೂಎಮು ಇರಲಿಲ್ಲ. ಇಲ್ಲದ್ದು ದುಭಾಷಿಯ ಫೈಲು, ದೋಷ ಬಂದದ್ದು ಶೆಲ್ಲಿನ ಹೆಸರಿಗೆ. ಕಾರವಾರದ ಹುಡುಗ ಆ ದಿನ ರಿಸ್ಕ್-ಫೈವ್ ಬಿಟ್ಟು ನನ್ನದೇ ಆರ್ಮ್ ಕಂಟೇನರಿನಲ್ಲಿ ಅಭ್ಯಾಸ ಮಾಡುತ್ತಿದ್ದನಾದ್ದರಿಂದ ಅವನಿಗೂ ಅದೇ ಪೆಟ್ಟು.

ಭಾವನದು ತಪ್ಪಲ್ಲ, ನನ್ನದೂ ತಪ್ಪಲ್ಲ. ಇಬ್ಬರಿಗೂ ಬೇರೆ ಬೇರೆ ದುಭಾಷಿ ಬೇಕಿತ್ತು, ಪಟ್ಟಿ ಮಾತ್ರ ಇಡೀ ಯಂತ್ರಕ್ಕೆ ಒಂದೇ. ಆಮೇಲಿನ ತಿಂಗಳುಗಳಲ್ಲಿ ನಾನು ಒಂದೊಂದೇ ದಾರಿ ಹಿಡಿದು ನೋಡಿದೆ. ವೇಗಕ್ಕಿಂತ ಹೆಚ್ಚಾಗಿ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಒಬ್ಬ ಬದಲಾಯಿಸಿದರೆ ಇನ್ನೊಬ್ಬನಿಗೆ ಏನಾಗುತ್ತದೆ?

ಬೋರ್ಡಿನಲ್ಲೇ ಬಿಲ್ಡ್, ಅಥವಾ ಕ್ರಾಸ್ ಕಂಪೈಲ್

ಇವೆರಡನ್ನೂ ಬೇಗ ಮುಗಿಸುತ್ತೇನೆ. ರಾಸ್ಪ್‌ಬೆರಿ ಪೈಯಲ್ಲೇ ಬಿಲ್ಡ್ ಮಾಡಿದರೆ ದುಭಾಷಿಯ ತಂಟೆಯೇ ಇಲ್ಲ. ಆದರೆ ಆಷಾಢದಲ್ಲಿ ಶಿರಸಿಯ ಕರೆಂಟು ಹೋಗಿ ಬರುವ ರೀತಿಗೆ ಬಿಲ್ಡ್ ನಡುವೆ ಬೋರ್ಡು ಆರಿ ಎರಡು ಸಲ ಎಸ್‌ಡಿ ಕಾರ್ಡು ಕೆಟ್ಟಿತು. ಕ್ರಾಸ್ ಕಂಪೈಲ್, ಅಂದರೆ ಇಂಟೆಲ್ ಯಂತ್ರದಲ್ಲೇ ಆರ್ಮ್ ಕೋಡ್ ತಯಾರಿಸುವುದು, ನಮ್ಮ ಸಿ ಭಾಗಕ್ಕೆ ಚೆನ್ನಾಗಿಯೇ ನಡೆಯಿತು, ಅದನ್ನು ಈಗಲೂ ಬಿಟ್ಟಿಲ್ಲ. ಕಂಪೈಲ್ ಆದದ್ದನ್ನು ಓಡಿಸಿ ಪರೀಕ್ಷಿಸಬೇಕಾದಾಗ ಮಾತ್ರ ಮತ್ತೆ ದುಭಾಷಿಯ ಬಾಗಿಲಿಗೇ ಬರಬೇಕು.

ಕ್ಯೂಎಮುವನ್ನು ಕೈಯಾರೆ ಕರೆಯುವುದು

ಪಟ್ಟಿಗೆ ಏನನ್ನೂ ಬರೆಯದೆ, ಕ್ಯೂಎಮುವಿನ ಮುಂದೆ ಆರ್ಮ್ ಪ್ರೋಗ್ರಾಮಿನ ಹೆಸರು ಕೊಟ್ಟು ಓಡಿಸಬಹುದು. ಒಂದೇ ಪ್ರೋಗ್ರಾಮು ಪರೀಕ್ಷಿಸಲು ಇಷ್ಟು ಸ್ವಚ್ಛವಾದ ದಾರಿ ಬೇರೆ ಇಲ್ಲ, ಯಾರಿಗೂ ತೊಂದರೆಯಿಲ್ಲ. ಆದರೆ ಆ ಪ್ರೋಗ್ರಾಮು ಇನ್ನೊಂದು ಆರ್ಮ್ ಪ್ರೋಗ್ರಾಮನ್ನು ಕರೆದ ಕ್ಷಣ ಕಥೆ ಮುಗಿಯಿತು. ಆ ಕರೆ ನೇರ ಕರ್ನೆಲಿಗೆ ಹೋಗುತ್ತದೆ, ಕರ್ನೆಲಿಗೆ ಆರ್ಮ್ ಗೊತ್ತಿಲ್ಲ. ಬಿಲ್ಡ್ ನಡೆಸುವ ಮೇಕ್ ಪ್ರೋಗ್ರಾಮನ್ನು ಓಡಿಸಿದರೆ ಅದು ಶೆಲ್ ಕರೆಯುತ್ತದೆ, ಶೆಲ್ ಕಂಪೈಲರ್ ಕರೆಯುತ್ತದೆ. ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ. ಪೀರೂಟ್ ಎಂಬ ಸಾಧನ ಪ್ರತಿ ಕರೆಯನ್ನೂ ತಡೆದು ನಡುವೆ ಕ್ಯೂಎಮು ಸೇರಿಸುತ್ತದೆ. ಅದು ಕೆಲಸ ಮಾಡಿತು, ಆದರೆ ಪ್ರತಿ ಸಿಸ್ಟಂ ಕಾಲಿಗೂ (ಪ್ರೋಗ್ರಾಮು ಕರ್ನೆಲಿಗೆ ಮಾಡುವ ಕರೆ) ನಿಂತು ಹೊರಡುವುದರಿಂದ ದೊಡ್ಡ ಬಿಲ್ಡಿಗೆ ತಾಳ್ಮೆ ಸಾಲದು.

ಇಡೀ ಯಂತ್ರಕ್ಕೆ ಒಂದೇ ನೋಂದಣಿ

ಹೆಚ್ಚಿನವರು ಮಾಡುವುದು ಇದನ್ನೇ, ನಾನೂ ವರ್ಷಗಟ್ಟಲೆ ಮಾಡಿದ್ದೆ. ಇದನ್ನು ಬೈದು ಬಿಡುವಂತಿಲ್ಲ. ನಾವು ಬಳಸುವ ಡೆಬಿಯನ್ ಲಿನಕ್ಸಿನಲ್ಲಿ ಒಂದು ಪ್ಯಾಕೇಜು ಹಾಕಿದರೆ ನೋಂದಣಿ ತಾನೇ ಆಗುತ್ತದೆ; ಕಂಟೇನರ್ ಓಡಿಸುವ ಡಾಕರ್, ಪಾಡ್‌ಮನ್, ಬೇರೆ ಡೈರೆಕ್ಟರಿಯನ್ನೇ ಮೂಲವಾಗಿಸುವ ಕ್ರೂಟ್ ಎಲ್ಲಕ್ಕೂ ಸಲ್ಲುತ್ತದೆ.

ಇದರ ಜೀವಾಳ ಎಫ್ ಎಂಬ ಫ್ಲ್ಯಾಗು, 2016ರಲ್ಲಿ ಕರ್ನೆಲ್ 4.8ಕ್ಕೆ ಬಂದದ್ದು. ಅದಿಲ್ಲದಿದ್ದರೆ ಕರ್ನೆಲ್ ದುಭಾಷಿಯನ್ನು ಪ್ರತಿ ಸಲವೂ ಕಂಟೇನರಿನೊಳಗೇ ಹುಡುಕುತ್ತದೆ, ಹಾಗಾಗಿ ಪ್ರತಿ ಕಂಟೇನರಿಗೂ ಕ್ಯೂಎಮು ನಕಲು ಮಾಡಿ ಹಾಕಬೇಕು. ಭಾವನ ನಮೂದಿನಲ್ಲಿ ಬಿಟ್ಟುಹೋಗಿದ್ದು ಇದೇ. ಎಫ್ ಇದ್ದರೆ ನೋಂದಾಯಿಸುವಾಗಲೇ ಫೈಲನ್ನು ತೆರೆದು ಹಿಡಿದಿಟ್ಟುಕೊಳ್ಳುತ್ತದೆ, ಮುಂದೆ ಎಲ್ಲಿಂದ ಕರೆದರೂ ಅದೇ ಬರುತ್ತದೆ. ಕ್ಯೂಎಮು ಸ್ಟ್ಯಾಟಿಕ್ (ಬೇರೆ ಲೈಬ್ರರಿ ಫೈಲುಗಳನ್ನು ಬೇಡದ್ದು) ಆಗಿರಬೇಕು ಅಷ್ಟೆ. ಆದರೆ ಇದೇ ಗುಣ ನನಗೊಮ್ಮೆ ಅರ್ಧ ದಿನ ನುಂಗಿತು. ಕ್ಯೂಎಮುವಿನ ಹೊಸ ಆವೃತ್ತಿಯನ್ನು ಕೈಯಾರೆ ಅದೇ ಜಾಗಕ್ಕೆ ಹಾಕಿದ್ದೆ, ಕಂಟೇನರಿನೊಳಗೆ ಹಳೆಯದೇ ಓಡುತ್ತಿತ್ತು. ಕರ್ನೆಲಿನ ಕೈಯಲ್ಲಿದ್ದದ್ದು ಮೊದಲು ತೆರೆದ ಹಳೆಯ ಫೈಲು. ನಮೂದನ್ನು ಅಳಿಸಿ ಮತ್ತೆ ಬರೆಯುವವರೆಗೂ ಅದು ಕೈಬಿಡಲಿಲ್ಲ.

ಇನ್ನೊಂದು ಸಂಗತಿ ಡಾಕರ್ ಬಳಸುವವರು ಗಮನಿಸಲೇಬೇಕು. ಪ್ರಿವಿಲೆಜ್ಡ್ (ಯಂತ್ರದ ಪೂರ್ಣ ಅಧಿಕಾರವಿರುವ) ಕಂಟೇನರ್ ಒಂದನ್ನು ಓಡಿಸಿ ಎಲ್ಲ ದುಭಾಷಿಗಳನ್ನೂ ನೋಂದಾಯಿಸುವ ಪದ್ಧತಿ ಇದೆಯಲ್ಲ, ಅದು ಬರೆಯುವುದು ಕಂಟೇನರಿನ ಪಟ್ಟಿಗಲ್ಲ, ಯಂತ್ರದ ಪಟ್ಟಿಗೆ. ಕಂಟೇನರ್ ಹೋದರೂ ನಮೂದು ಉಳಿಯುತ್ತದೆ. ಹಾಗೆಯೇ ಯಾರೋ ಪಟ್ಟಿಯ ಸ್ಟೇಟಸ್ ಫೈಲಿಗೆ ಮೈನಸ್ ಒಂದು ಬರೆದರೆ ಎಲ್ಲರ ನಮೂದೂ ಒಟ್ಟಿಗೆ ಅಳಿಯುತ್ತದೆ. ಒಬ್ಬನೇ ಬಳಸುವ ಲ್ಯಾಪ್‌ಟಾಪಿಗೆ ಇದೇ ದಾರಿ ಸಾಕು. ಮೂವರಿದ್ದಲ್ಲಿ ಸಾಲದು.

ಪೂರ್ತಿ ವರ್ಚುವಲ್ ಯಂತ್ರ

ಕರ್ನೆಲೇ ಬೇರೆ ಆದ ಮೇಲೆ ಪಟ್ಟಿಯೂ ಬೇರೆ. ಪ್ರತ್ಯೇಕತೆಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಇಂಟೆಲ್ ಮೇಲೆ ಆರ್ಮ್ ಯಂತ್ರ ಎಂದರೆ ಕೆವಿಎಂ (ಪ್ರೊಸೆಸರಿನ ನೇರ ಬಲದಿಂದ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯ) ನೆರವಿಲ್ಲ, ಕರ್ನೆಲಿನ ಕೆಲಸವನ್ನೂ ಸೇರಿಸಿ ಎಲ್ಲವೂ ಅನುವಾದ. ದುಭಾಷಿಯ ದಾರಿಯಲ್ಲಾದರೆ ಪ್ರೋಗ್ರಾಮಿನ ಕೋಡ್ ಮಾತ್ರ ಅನುವಾದವಾಗಿ, ಸಿಸ್ಟಂ ಕಾಲುಗಳು ನಮ್ಮದೇ ಕರ್ನೆಲಿಗೆ ಬಂದು ಸಹಜ ವೇಗದಲ್ಲಿ ಮುಗಿಯುತ್ತವೆ. ಬಿಲ್ಡಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೆಮೊರಿಯನ್ನೂ ಮೊದಲೇ ಕಾದಿರಿಸಬೇಕು. ಡ್ರೈವರ್ ಅಥವಾ ಬೂಟ್ ಪರೀಕ್ಷಿಸಬೇಕಾದಾಗ ಮಾತ್ರ ನಾನು ಇದನ್ನು ಎಬ್ಬಿಸುತ್ತೇನೆ.

ಕಂಟೇನರಿಗೊಂದು ಪಟ್ಟಿ

ನಾನು ನಿಜವಾಗಿ ಕಾಯುತ್ತಿದ್ದದ್ದು ಇದನ್ನು. ಬಿನ್‌ಎಫ್‌ಎಂಟಿ ಮಿಸ್ಕ್ ಪಟ್ಟಿಯನ್ನು ಯೂಸರ್ ನೇಮ್‌ಸ್ಪೇಸಿಗೆ (ತನ್ನದೇ ಬಳಕೆದಾರರೂ ಪೂರ್ಣಾಧಿಕಾರದ ರೂಟ್ ಬಳಕೆದಾರನೂ ಇರುವ ಪ್ರತ್ಯೇಕ ವಲಯ) ಒಂದರಂತೆ ಬೇರ್ಪಡಿಸುವ ಪ್ಯಾಚುಗಳನ್ನು ಲಾರೆಂಟ್ ವಿವಿಯೇ 2018ರಲ್ಲೇ ಕಳಿಸಿದ್ದರು. ಆಮೇಲೆ ಕ್ರಿಸ್ಟಿಯನ್ ಬ್ರೌನರ್ ಅದನ್ನು ಮುಂದುವರಿಸಿದರು. ಕಡೆಗೆ 2024ರ ಜನವರಿಯಲ್ಲಿ ಬಂದ ಕರ್ನೆಲ್ 6.7ರಲ್ಲಿ ಅದು ಸೇರಿತು. ನಮ್ಮ ಯಂತ್ರದಲ್ಲಿ ಆಗ ಇದ್ದದ್ದು ಡೆಬಿಯನ್ 12, ಅದರ ಕರ್ನೆಲ್ 6.1. ಡೆಬಿಯನ್ 13ಕ್ಕೆ ಬಂದು 6.12 ಸಿಕ್ಕ ಮೇಲೆಯೇ ನಾನು ಕೈ ಹಾಕಿದ್ದು.

ಮಾಡುವ ಕೆಲಸ ಸಣ್ಣದು. ಅನ್‌ಶೇರ್ ಆಜ್ಞೆಯಿಂದ ಹೊಸ ಯೂಸರ್ ನೇಮ್‌ಸ್ಪೇಸನ್ನೂ ಜೊತೆಗೆ ಮೌಂಟ್ ನೇಮ್‌ಸ್ಪೇಸನ್ನೂ ಮಾಡಿ, ಅದರೊಳಗೆ ರೂಟ್ ಆಗಿ, ಬಿನ್‌ಎಫ್‌ಎಂಟಿ ಮಿಸ್ಕ್ ಫೈಲ್‌ಸಿಸ್ಟಮನ್ನು ಮೌಂಟ್ ಮಾಡಿ (ಒಂದು ಡೈರೆಕ್ಟರಿಗೆ ಜೋಡಿಸಿ), ರಿಜಿಸ್ಟರ್ ಫೈಲಿಗೆ ಎಂದಿನ ಸಾಲನ್ನೇ ಬರೆದರಾಯಿತು. ಅನ್‌ಶೇರ್ ಬರುವ ಯುಟಿಲ್-ಲಿನಕ್ಸ್ ಪ್ಯಾಕೇಜಿನ ಆವೃತ್ತಿ 2.40ರಿಂದ ಅನ್‌ಶೇರ್‌ನಲ್ಲೇ ಲೋಡ್-ಇಂಟರ್ಪ್ ಎಂಬ ಆಯ್ಕೆ ಇರುವುದರಿಂದ ಎಲ್ಲವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಿಜವಾದ ರೂಟ್ ಪಾಸ್‌ವರ್ಡ್ ಎಲ್ಲೂ ಬೇಕಾಗಲಿಲ್ಲ. ನನಗೆ ಇದೇ ದೊಡ್ಡ ಸಮಾಧಾನ: ಮೊದಲಾಗಿದ್ದರೆ, ಕಲಿಯುವ ಹುಡುಗನಿಗೆ ಒಂದು ದುಭಾಷಿ ಬೇಕಾದರೂ ನಾನು ಯಂತ್ರದ ಬೀಗದ ಕೈಯನ್ನೇ ಕೊಡಬೇಕಿತ್ತು.

ಒಂದೇ ಸಮಯಕ್ಕೆ ಎರಡು ಟರ್ಮಿನಲ್ ತೆರೆದು ಪರೀಕ್ಷಿಸಿದೆ. ಒಂದರಲ್ಲಿ ಹಳೆಯ ಕ್ಯೂಎಮು, ಇನ್ನೊಂದರಲ್ಲಿ ಹೊಸದು, ಗುರುತು ಎರಡಕ್ಕೂ 64 ಬಿಟ್ ಆರ್ಮ್. ಎರಡೂ ತಮ್ಮ ತಮ್ಮ ದುಭಾಷಿಯನ್ನೇ ಕರೆದವು. ಹೊರಗಿನ ಪಟ್ಟಿಯಲ್ಲಿ ಎರಡರ ಸುಳಿವೂ ಇಲ್ಲ. ಒಂದರಲ್ಲಿ ಮೈನಸ್ ಒಂದು ಬರೆದು ಎಲ್ಲ ಅಳಿಸಿದೆ. ಇನ್ನೊಂದರ ಬಿಲ್ಡ್ ಅಲುಗಲಿಲ್ಲ. ಭಾವನಿಗೆ ಫೋನ್ ಮಾಡಿದೆ. "ಹಂಗಾದ್ರೆ ನಾ ಇನ್ನು ಕೇಳದ್ದೇ ಹಾಕ್ಲಕ್ಕಾ?" ಎಂದ. ಹಾಕಲಕ್ಕು ಎಂದೆ.

ಎಡವಿದ್ದೂ ಇದೆ. ಮೊದಲನೆಯದು, ಮೌಂಟ್ ಮಾಡಿ ಏನೂ ಬರೆಯದೆ ಬಿಟ್ಟರೆ ಹೊರಗಿನ ನೋಂದಣಿಯೂ ಒಳಗೆ ಸಲ್ಲುವುದಿಲ್ಲ. ನೇಮ್‌ಸ್ಪೇಸಿಗೆ ಸ್ವಂತ ಪಟ್ಟಿ ಇಲ್ಲದಿದ್ದರೆ ಕರ್ನೆಲ್ ಮೇಲಿನವರ ಪಟ್ಟಿ ನೋಡುತ್ತದೆ. ಖಾಲಿಯಾದರೂ ಸರಿ, ಸ್ವಂತದ್ದು ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಒಳಗೆ 32 ಬಿಟ್ ಆರ್ಮ್ ಮಾತ್ರ ನೋಂದಾಯಿಸಿ, 64 ಬಿಟ್ ಹೊರಗಿನಿಂದ ಬರುತ್ತದೆ ಎಂದು ನಾನು ಕಾದು ಕೂತಿದ್ದೆ. ಬರಲಿಲ್ಲ. ಬೇಕಾದದ್ದನ್ನೆಲ್ಲ ಒಳಗೇ ಬರೆಯಬೇಕು. ಎರಡನೆಯದು, ಒಳಗಿನ ಮೌಂಟ್ ತೆಗೆದರೆ ನಮೂದುಗಳೂ ಹೋಗುತ್ತವೆ. ಆದ್ದರಿಂದ ನೋಂದಣಿಯನ್ನು ಕಂಟೇನರ್ ಎಬ್ಬಿಸುವ ಸ್ಕ್ರಿಪ್ಟಿನಲ್ಲೇ ಇಟ್ಟಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಟ್ಟಿ ಅಂಟಿಕೊಂಡಿರುವುದು ಯೂಸರ್ ನೇಮ್‌ಸ್ಪೇಸಿಗೆ, ಕಂಟೇನರ್ ಎಂಬ ಹೆಸರಿಗಲ್ಲ. ಒಂದೇ ಯೂಸರ್ ನೇಮ್‌ಸ್ಪೇಸ್ ಹಂಚಿಕೊಂಡ ಎರಡು ಕಂಟೇನರುಗಳಿಗೆ ಪಟ್ಟಿಯೂ ಒಂದೇ. ಡಾಕರನ್ನು ಹಾಕಿದ ಹಾಗೇ ಬಳಸಿದರೆ ಅದರ ಕಂಟೇನರುಗಳು ಯಂತ್ರದ ಮೂಲ ನೇಮ್‌ಸ್ಪೇಸಿನಲ್ಲೇ ಇರುತ್ತವೆ, ಅಲ್ಲಿ 6.7 ಇದ್ದರೂ ಪ್ರಯೋಜನವಿಲ್ಲ.

ಕುಮಟೆಯಲ್ಲಿ ಭಾವ ತನ್ನ ಉಬುಂಟು 24.04 ಲ್ಯಾಪ್‌ಟಾಪಿನಲ್ಲಿ ಅನ್‌ಶೇರ್ ಓಡಿಸಿದಾಗ ಯುಐಡಿ ಮ್ಯಾಪ್ (ಒಳಗಿನ ಬಳಕೆದಾರ ಹೊರಗೆ ಯಾರು ಎಂಬ ಪಟ್ಟಿ) ಬರೆಯುವಲ್ಲೇ ಅನುಮತಿ ಇಲ್ಲ ಎಂದಿತು. ಕರ್ನೆಲ್ 6.8, ಸೌಲಭ್ಯ ಇದೆ. ಆದರೆ ಆ ಉಬುಂಟು ಸಾಮಾನ್ಯ ಬಳಕೆದಾರರ ಯೂಸರ್ ನೇಮ್‌ಸ್ಪೇಸನ್ನು ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆಯ ಮೂಲಕ ಕಟ್ಟಿಹಾಕಿದೆ. ಇಡೀ ನಿರ್ಬಂಧವನ್ನೇ ತೆಗೆಯುವ ಸಿಸ್‌ಸಿಟಿಎಲ್ (ಕರ್ನೆಲ್ ಸೆಟ್ಟಿಂಗ್) ಒಂದಿದೆ, ಭಾವ ಅದಕ್ಕೇ ಕೈ ಹಾಕಿದ್ದ. ಬೇಡ ಎಂದು ತಡೆದೆ. ಆ ನಿರ್ಬಂಧಕ್ಕೆ ತಕ್ಕ ಕಾರಣವಿದೆ. ನಮಗೆ ಬೇಕಾದ ಒಂದು ಪ್ರೋಗ್ರಾಮಿಗೆ ಮಾತ್ರ ಆಪ್‌ಆರ್ಮರ್ ಪ್ರೊಫೈಲ್ ಬರೆದು ದಾರಿ ಬಿಟ್ಟೆವು.

ಈಗ ನಮ್ಮ ಯಂತ್ರದಲ್ಲಿ ಮೂವರಿಗೂ ಮೂರು ನೇಮ್‌ಸ್ಪೇಸ್, ಮೂರು ಪಟ್ಟಿ. ಡಾಕರಿನಲ್ಲೇ ಉಳಿದಿರುವ ಒಂದು ಹಳೆಯ ಬಿಲ್ಡಿಗಾಗಿ ಯಂತ್ರದ ಪಟ್ಟಿಯಲ್ಲಿ ಒಂದೇ ಒಂದು ನಮೂದು ಬಿಟ್ಟಿದ್ದೇನೆ, ಎಫ್ ಫ್ಲ್ಯಾಗಿನೊಂದಿಗೆ. ಅದನ್ನು ಮುಟ್ಟುವ ಅಧಿಕಾರ ನನ್ನೊಬ್ಬನಿಗೇ. ಆ ಬಿಲ್ಡನ್ನೂ ದೀಪಾವಳಿಯೊಳಗೆ ಈಚೆ ತರಬೇಕೆಂದಿದ್ದೇನೆ.