ಬ್ರೂ ಡಾಕ್ಟರ್ ತೋರಿಸಿದ್ದನ್ನೆಲ್ಲ ಅಳಿಸಲು ಹೋಗಬೇಡಿ

ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಟರ್ಮಿನಲ್‌ನಲ್ಲಿ ಆಜ್ಞೆ ಕೊಟ್ಟು ತಂತ್ರಾಂಶಗಳನ್ನು ಹಾಕಿಕೊಳ್ಳುವ ಸಲಕರಣೆ) ಬಳಸುವವರು, ಅದರಲ್ಲೂ ಮನೆಯವರ ಮ್ಯಾಕ್‌ಗೆ ಅದನ್ನು ಹಾಕಿಕೊಟ್ಟು ಉಪಕಾರ ಮಾಡಿದೆನೆಂದು ಬೀಗುವ ನನ್ನಂಥವರು, ದಯವಿಟ್ಟು ಇದನ್ನು ಓದಿ. ಅದರ ತಪಾಸಣೆಯ ಆಜ್ಞೆಯಾದ ‘ಬ್ರೂ ಡಾಕ್ಟರ್’ ಕೊಟ್ಟ ಎಚ್ಚರಿಕೆಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಸರಿಪಡಿಸಲು ಹೋಗಿ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಒಬ್ಬ ಆಡಿಟರ್ ಸಹಿ ಹಾಕಲಾಗದಂತೆ ಮಾಡಿಬಿಟ್ಟೆ. ಆ ಆಡಿಟರ್ ನನ್ನ ಸ್ವಂತ ಅಕ್ಕ.

ಅಕ್ಕನ ಕಚೇರಿ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯ ಮಹಡಿಯಲ್ಲಿದೆ. ಕೆಳಗೆ ಸೀರೆಗೆ ಫಾಲ್ಸ್ ಹಾಕುವ ಅಂಗಡಿ. ನಾನು ಬಳಸಿ ಬಿಟ್ಟ ಇಂಟೆಲ್ ಮ್ಯಾಕ್ ಅವಳ ಮೇಜಿನ ಮೇಲಿದೆ. ಸ್ಕ್ಯಾನ್ ಮಾಡಿದ ಬಿಲ್ಲುಗಳ ಪಿಡಿಎಫ್ ಗಾತ್ರ ಇಳಿಸಲು ಘೋಸ್ಟ್‌ಸ್ಕ್ರಿಪ್ಟ್, ಕನ್ನಡದ ರಸೀದಿಗಳಿಂದ ಅಕ್ಷರ ಹೆಕ್ಕಲು ಟೆಸರ್ಯಾಕ್ಟ್, ಎರಡನ್ನೂ ಹೋಮ್‌ಬ್ರೂ ಮೂಲಕ ನಾನೇ ಹಾಕಿಕೊಟ್ಟಿದ್ದೆ. ಅವಳಿಗೆ ಹೋಮ್‌ಬ್ರೂ ಎಂದರೇನೆಂದು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. (2009ರಲ್ಲಿ ಮ್ಯಾಕ್ಸ್ ಹೊವೆಲ್ ಶುರು ಮಾಡಿದ ಈ ತಂತ್ರಾಂಶದ ಪರಿಭಾಷೆಯೆಲ್ಲ ಬಿಯರ್ ಅಂಗಡಿಯದು: ಕೆಗ್, ಸೆಲ್ಲರ್, ಟ್ಯಾಪ್, ಕಾಸ್ಕ್, ಬಾಟಲ್. ಮಡಿವಂತರ ಮನೆಯಲ್ಲಿ ಜೋರಾಗಿ ಓದುವಂತಿಲ್ಲ.)

ಆಗಸ್ಟ್‌ನಲ್ಲಿ ಒಂದು ಸಂಜೆ ಅದೇ ಮ್ಯಾಕ್‌ಗೆ ಇನ್ನೊಂದು ಸಲಕರಣೆ ಹಾಕುತ್ತಿದ್ದೆ. ಮ್ಯಾಕ್‌ಓಎಸ್ ಹಳೆಯದು. ತೀರ ಹಳೆಯ ಆವೃತ್ತಿಗಳಿಗೆ ಹೋಮ್‌ಬ್ರೂ ‘ಬಾಟಲ್’, ಅಂದರೆ ಮೊದಲೇ ಕಟ್ಟಿಟ್ಟ ಸಿದ್ಧ ತಂತ್ರಾಂಶ, ಕೊಡುವುದಿಲ್ಲ, ಮೂಲ ಸಂಕೇತದಿಂದ ಅಲ್ಲೇ ಕಟ್ಟಿಕೊಳ್ಳಬೇಕು. ಫ್ಯಾನು ಭೋರೆನ್ನುತ್ತಿತ್ತು, ಹೊರಗೆ ಮೋಡ ಕವಿದಿತ್ತು. ಮಳೆಗೆ ಮುಂಚೆ ಮೆಟ್ರೊ ಹಿಡಿಯಬೇಕೆಂದು ಕೆಲಸ ಅರ್ಧದಲ್ಲಿರುವಾಗಲೇ ಟರ್ಮಿನಲ್ ಮುಚ್ಚಿ ಎದ್ದುಬಿಟ್ಟೆ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಒಂದು ಲೈಬ್ರರಿ ಕಡತದ ಹೊಸ ಆವೃತ್ತಿ ಬಂದು ಕೂತಿತ್ತು, ಹಳೆಯದು ಜಾಗ ಖಾಲಿ ಮಾಡಿತ್ತು, ಹಳೆಯದನ್ನೇ ನಂಬಿದ್ದ ಘೋಸ್ಟ್‌ಸ್ಕ್ರಿಪ್ಟ್ ಮಾತ್ರ ಹಾಗೇ ಉಳಿದಿತ್ತು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಸೆಪ್ಟೆಂಬರ್ 27ರಂದು ಅಕ್ಕನ ಫೋನು. “ಪಿಡಿಎಫ್ ಚಿಕ್ಕದಾಗುತ್ತಿಲ್ಲ ಕಣೋ. 30ಕ್ಕೆ ಟ್ಯಾಕ್ಸ್ ಆಡಿಟ್ ವರದಿಗಳಿಗೆ ಕೊನೆಯ ದಿನ. ಒಂದು ಗಳಿಗೆ ಬಂದು ನೋಡುತ್ತೀಯಾ?” ಜಯನಗರದಿಂದ ಹಸಿರು ಮಾರ್ಗದಲ್ಲಿ ಹೊರಟು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದೆ. ಮೇಜಿನ ಮುಂದೆ ಕೂತಾಗ ಪರದೆಯಲ್ಲಿ ಇದ್ದದ್ದು ಒಂದೇ ದೂರು: ಇಂಥ ಜಾಗದಲ್ಲಿರಬೇಕಾದ ಇಂಥ ಲೈಬ್ರರಿ ಲೋಡ್ ಆಗಲಿಲ್ಲ. ಕಳೆದುಹೋದ ಕಡತದ ಹೆಸರು, ದಾರಿ, ಎರಡೂ ಅಲ್ಲೇ ಇದ್ದವು. ‘ಬ್ರೂ ಲಿಂಕೇಜ್ ಘೋಸ್ಟ್‌ಸ್ಕ್ರಿಪ್ಟ್’ ಎಂದಿದ್ದರೆ ಯಾವ ಕೊಂಡಿ ಕಳಚಿದೆ ಎಂದು ಅದೇ ಹೇಳುತ್ತಿತ್ತು. ಆಮೇಲೆ ಘೋಸ್ಟ್‌ಸ್ಕ್ರಿಪ್ಟ್ ಒಂದನ್ನೇ ಮರುಸ್ಥಾಪಿಸಿದ್ದರೆ ಸಾಕಿತ್ತು.

ನಾನು ಮಾಡಿದ್ದು ಬೇರೆ. ಬಂದವನು ಪೂರ್ತಿ ತಪಾಸಣೆ ಮಾಡಿಯೇ ಹೋಗುತ್ತೇನೆಂದು ‘ಬ್ರೂ ಡಾಕ್ಟರ್’ ಎಂದು ಹೊಡೆದೆ. ಏನೂ ತೊಂದರೆ ಇಲ್ಲದಿದ್ದರೆ ಅದು ‘ನಿಮ್ಮ ಗಣಕ ಬ್ರೂ ಮಾಡಲು ಸಿದ್ಧ’ ಎಂಬರ್ಥದ ಒಂದು ಸಾಲು ಹೇಳಿ ಸುಮ್ಮನಾಗುತ್ತದೆ. ನಮಗೆ ಬಂದದ್ದು ಹನ್ನೊಂದು ಎಚ್ಚರಿಕೆಗಳು. ಹೆಲ್ತ್ ಚೆಕಪ್ ವರದಿಯಲ್ಲಿ ದಪ್ಪಕ್ಷರದಲ್ಲಿ ಬಂದದ್ದೆಲ್ಲ ರೋಗವೇ ಎಂದು ತಿಳಿದು ಸಂಜೆಯೊಳಗೆ ಮೂರು ಪಥ್ಯ ಶುರು ಮಾಡುವ ಚಿಕ್ಕಪ್ಪ ನಮ್ಮ ಮನೆಯಲ್ಲಿದ್ದಾರೆ. ಅವರನ್ನು ನೋಡಿ ನಗುತ್ತಿದ್ದವನು ನಾನು.

ಎಚ್ಚರಿಕೆಗಳಿಗೂ ಮುಂಚೆ, ಎಲ್ಲಕ್ಕಿಂತ ಮೇಲೆ ಒಂದು ಪೀಠಿಕೆ ಇರುತ್ತದೆ. ಇವು ನೀವು ದೋಷದ ದೂರು ಸಲ್ಲಿಸಿದಾಗ ಹೋಮ್‌ಬ್ರೂ ನೋಡಿಕೊಳ್ಳುವವರಿಗೆ ನೆರವಾಗಲೆಂದು ಇರುವ ಮಾಹಿತಿ, ನಿಮ್ಮ ಕೆಲಸ ಸರಿಯಾಗಿ ನಡೆಯುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಡೆಗಣಿಸಿ ಎಂಬುದು ಅದರ ತಾತ್ಪರ್ಯ. ವರ್ಷಗಟ್ಟಲೆ ಕಣ್ಣೆದುರು ಹಾದುಹೋದ ಸಾಲುಗಳು. ಒಂದು ದಿನವೂ ನಿಂತು ಓದಿರಲಿಲ್ಲ.

ಮೊದಲ ಬಲಿ ಕಮಾಂಡ್ ಲೈನ್ ಟೂಲ್ಸ್, ಅಂದರೆ ಮೂಲ ಸಂಕೇತದಿಂದ ತಂತ್ರಾಂಶ ಕಟ್ಟಲು ಆ್ಯಪಲ್ ಕೊಡುವ ಸಲಕರಣೆಗಳು. ಅದು ಹಳೆಯದಾಗಿದೆ, ಮೊದಲು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ನೋಡಿ, ಅಲ್ಲಿ ಸಿಗದಿದ್ದರೆ ಇಡೀ ಕಡತಕೋಶ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂದು ಡಾಕ್ಟರೇ ಆಜ್ಞೆಯನ್ನು ಬರೆದುಕೊಡುತ್ತಾರೆ. ನಾನು ಮೊದಲ ಅರ್ಧ ಬಿಟ್ಟು ಎರಡನೆಯ ಅರ್ಧವನ್ನು ನಕಲಿಸಿ ಅಂಟಿಸಿದೆ. ಕಚೇರಿಯ ಅಂತರಜಾಲದಲ್ಲಿ ಅದು ಮರಳಿ ಇಳಿಯುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು.

ನಿಜವಾದ ಅನಾಹುತ ಆಮೇಲಿನದು. ‘ಯುಎಸ್‌ಆರ್’ ಒಳಗಿನ ‘ಲೋಕಲ್’, ಅದರೊಳಗಿನ ‘ಲಿಬ್’ ಕೋಶದಲ್ಲಿ ಹೋಮ್‌ಬ್ರೂ ಹಾಕದ ಲೈಬ್ರರಿಗಳಿವೆ, ನೀವು ಬೇಕೆಂದೇ ಇಟ್ಟದ್ದಲ್ಲವಾದರೆ ತೊಂದರೆ ಕೊಡಬಹುದು, ಅಳಿಸಬೇಕಾಗಬಹುದು ಎಂದಿತ್ತು. ಕೆಳಗೆ ಮೂರು ಹೆಸರು. ‘ಬಹುದು’ ಎಂಬುದನ್ನು ನಾನು ‘ಬೇಕು’ ಎಂದು ಓದಿಕೊಂಡೆ. ನಾನಂತೂ ಇಟ್ಟಿರಲಿಲ್ಲ, ಆದ್ದರಿಂದ ಕಸ. ಗಣಕದ ಯಜಮಾನನ ಅಧಿಕಾರದಲ್ಲಿ ಅಳಿಸುವ ಸುಡೋ ಆಜ್ಞೆ ಬರೆದೆ, ಪಾಸ್‌ವರ್ಡ್ ಕೇಳಿತು. ಅಕ್ಕ ಎಡಗೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದೇ ಬಗ್ಗಿ, ಬಲಗೈಯ ಒಂದೇ ಬೆರಳಲ್ಲಿ ಒಂದೊಂದಾಗಿ ಅಕ್ಷರ ಕುಟ್ಟಿ, “ಆಯಿತಾ?” ಎಂದಳು. ಆಯಿತು. ಮೂರೂ ಹೋದವು.

ರಾತ್ರಿ ಒಂಬತ್ತಕ್ಕೆ ಘೋಸ್ಟ್‌ಸ್ಕ್ರಿಪ್ಟ್ ಮರುಸ್ಥಾಪನೆ ಮುಗಿದು ಪಿಡಿಎಫ್ ಚಿಕ್ಕದಾಯಿತು. ಹೆಮ್ಮೆಯಿಂದ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಅಕ್ಕ ವರದಿಗೆ ಸಹಿ ಹಾಕಲು ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಪ್ರಮಾಣಪತ್ರ ಇರುವ ಯುಎಸ್‌ಬಿ ಕಡ್ಡಿ) ಚುಚ್ಚಿದರೆ, ಅದರ ದೀಪ ಹೊತ್ತಿಕೊಂಡಿತು, ಸಹಿಯ ತಂತ್ರಾಂಶ ಮಾತ್ರ ಪ್ರಮಾಣಪತ್ರವೇ ಇಲ್ಲ ಎಂದಿತು. ತೆಗೆದು ಹಾಕಿದಳು, ಬೇರೆ ರಂಧ್ರಕ್ಕೆ ಹಾಕಿದಳು, ಸೆರಗಿನಿಂದ ಒರೆಸಿ ಹಾಕಿದಳು. ಟೋಕನ್ ಕೆಟ್ಟಿದೆ ಎಂದುಕೊಂಡು ಹೊಸದಕ್ಕೆ ಹಣ ಕಟ್ಟಿದಳು, ಕ್ಯಾಮೆರಾದ ಮುಂದೆ ಪ್ಯಾನ್ ಕಾರ್ಡ್ ಹಿಡಿದು ವೀಡಿಯೊ ದೃಢೀಕರಣವನ್ನೂ ಮುಗಿಸಿದಳು. ನನಗೆ ಹೇಳಲಿಲ್ಲ. ಹಿಂದಿನ ದಿನದ ದುರಸ್ತಿಗೂ ಇದಕ್ಕೂ ಸಂಬಂಧ ಇರಬಹುದೆಂದು ಅವಳು ಏಕೆ ಯೋಚಿಸಬೇಕು? ಮಧ್ಯಾಹ್ನ ಅಕ್ಕನ ಕೈಕೆಳಗೆ ಸಿಎ ತರಬೇತಿಯಲ್ಲಿರುವ ಆರ್ಟಿಕಲ್‌ಶಿಪ್‌ನ ಹುಡುಗ ಹಳೆಯ ಟೋಕನನ್ನು ಸುಮ್ಮನೆ ತನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಿದ. ಕೆಲಸ ಮಾಡಿತು. ಆಗ ನನಗೆ ಫೋನು: “ನಿನ್ನೆ ನೀನು ಏನು ಅಳಿಸಿದೆ?”

ಅಳಿಸಿದ ಮೂರರಲ್ಲಿ ಒಂದು ಆ ಟೋಕನ್‌ನ ಚಾಲಕ ಲೈಬ್ರರಿ. ಸಹಿಯ ಗುಟ್ಟಿನ ಕೀಲಿ ಟೋಕನ್‌ನ ಒಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಗಣಕ ಅದರೊಡನೆ ಮಾತಾಡುವುದು ಈ ಲೈಬ್ರರಿಯ ಮೂಲಕ. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ವಾಸಿಸುವುದೂ ‘ಯುಎಸ್‌ಆರ್ ಲೋಕಲ್’ನಲ್ಲೇ, ಇತರ ತಯಾರಕರು ತಮ್ಮ ಚಾಲಕಗಳನ್ನು ಇಡುವುದೂ ಅಲ್ಲೇ. ಅದೊಂದು ವಠಾರ. ಎಂ1 ಸರಣಿಯಿಂದೀಚಿನ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ‘ಆಪ್ಟ್ ಹೋಮ್‌ಬ್ರೂ’ ಎಂಬ ಬೇರೆ ಮನೆ ಮಾಡಿದೆ. ಕೆಲವು ಪರಿಚಿತ ಬಾಡಿಗೆದಾರರ ಪಟ್ಟಿ ಡಾಕ್ಟರ ಹತ್ತಿರ ಇದೆ, ಅವರ ಮೇಲೆ ದೂರು ಹೇಳುವುದಿಲ್ಲ. ಅಕ್ಕನ ಟೋಕನ್ ಆ ಪಟ್ಟಿಯಲ್ಲಿರಲಿಲ್ಲ, ಅಷ್ಟೇ.

ವರದಿಗಳನ್ನು ಹುಡುಗನ ಲ್ಯಾಪ್‌ಟಾಪ್‌ನಿಂದಲೇ 29ರ ರಾತ್ರಿಯೊಳಗೆ ಸಲ್ಲಿಸಿದರು. ತಪ್ಪಿದ್ದರೆ ಆಗಿನ ನಿಯಮದಂತೆ ದಂಡದ ಮಾತು ಬರುತ್ತಿತ್ತು: ವಹಿವಾಟಿನ ಶೇ. 0.5 ಅಥವಾ 1.5 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅದು. ದಂಡ ಬೀಳುವುದು ಕ್ಲೈಂಟ್‌ಗೆ, ಮುಖ ತೋರಿಸಲಾಗದೆ ಹೋಗುವುದು ಅಕ್ಕನಿಗೆ.

ಇಂಥ ಪಟ್ಟಿ ನಿಮ್ಮೆದುರೂ ಬಂದರೆ, ಮೊದಲು ಅದನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಿ. ನೀವು ಹುಡುಕಿ ಬಂದ ತೊಂದರೆಗೆ ಸಂಬಂಧಿಸಿದ ಸಾಲು ಅದರಲ್ಲಿದೆಯೇ ನೋಡಿ. ನನ್ನ ಹನ್ನೊಂದರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಹೆಸರೇ ಇರಲಿಲ್ಲ, ಅಲ್ಲೇ ಕೈಬಿಡಬೇಕಿತ್ತು. ಅಪರಿಚಿತ ಕಡತ ಯಾರದೆಂದು ತಿಳಿಯಬೇಕಾದರೆ ಮ್ಯಾಕ್‌ನಲ್ಲಿಯೇ ‘ಪಿಕೆಜಿಯುಟಿಲ್’ ಎಂಬ ಆಜ್ಞೆ ಇದೆ. ಅದಕ್ಕೆ ‘ಫೈಲ್-ಇನ್ಫೋ’ ಆಯ್ಕೆ ಸೇರಿಸಿ ಕಡತದ ಪೂರ್ತಿ ದಾರಿ ಕೊಟ್ಟರೆ, ಇನ್‌ಸ್ಟಾಲರ್ ಮೂಲಕ ಬಂದದ್ದಾದರೆ ಯಾವ ಪ್ಯಾಕೇಜಿನದು ಎಂದು ಹೇಳುತ್ತದೆ. ಹತ್ತು ಸೆಕೆಂಡಿನ ಕೆಲಸ. ಆಮೇಲೂ ಅನುಮಾನ ಉಳಿದರೆ ಆ ಕಡತವನ್ನು ಬೇರೊಂದು ಕೋಶಕ್ಕೆ ಸರಿಸಿ ವಾರ ಕಾಯಿರಿ, ಅಳಿಸಬೇಡಿ. ಆ ಗಣಕದಲ್ಲಿ ನಿತ್ಯ ಕೆಲಸ ಮಾಡುವವರಿಗೆ ಏನನ್ನು ಸರಿಸಿದಿರಿ ಎಂದು ಚೀಟಿಯಲ್ಲಾದರೂ ಬರೆದಿಡಿ. ಮತ್ತೆ, ಟೋಕನ್ ಕೆಟ್ಟಿದೆ ಎನಿಸಿದರೆ ಹಣ ಕಟ್ಟುವ ಮುಂಚೆ ಇನ್ನೊಂದು ಗಣಕದಲ್ಲಿ ಚುಚ್ಚಿ ನೋಡಿ.

ಚಾಲಕವನ್ನು ಅಕ್ಟೋಬರ್‌ನಲ್ಲಿ ಮತ್ತೆ ಹಾಕಿಕೊಟ್ಟೆ. ಹೊಸ ಟೋಕನ್ ಎರಡು ವರ್ಷದ್ದು, ಸ್ಟೇಪ್ಲರ್ ಪಿನ್ನುಗಳ ಡಬ್ಬಿಯ ಪಕ್ಕದಲ್ಲಿ ಸೀಲು ಒಡೆಯದೆ ಬಿದ್ದಿದೆ. ಅದರ ದುಡ್ಡು ಕೊಡಲು ಹೋದರೆ ಅಕ್ಕ ತೆಗೆದುಕೊಳ್ಳಲಿಲ್ಲ. ಮ್ಯಾಕ್‌ನ ಪಾಸ್‌ವರ್ಡ್ ಮಾತ್ರ ಬದಲಾಯಿಸಿದ್ದಾಳೆ.