ವೆನಿಸ್ಸನ್ನು ನೀರಿನ ಮೇಲಿಂದ ನೋಡುವುದು: ವಾಪೊರೆಟ್ಟೊ, ಗೊಂಡೋಲಾ, ಟ್ರಾಗೆಟ್ಟೊ

ವೆನಿಸ್ಸಿನ ಹಳೆಯ ಅರಮನೆಗಳ ಮುಂಬಾಗಿಲುಗಳು ನೀರಿನ ಕಡೆಗಿವೆ. ಬೀದಿಯಲ್ಲಿ ನಡೆದು ಹೋಗುವವರಿಗೆ ಕಾಣುವುದು ಬಹುಪಾಲು ಅವುಗಳ ಹಿಂಭಾಗ. ಆದ್ದರಿಂದ ಎರಡು ಮೂರು ದಿನಗಳ ಬಿಡುವಿನಲ್ಲಿ ಅಲ್ಲಿಗೆ ಹೋಗುವ ದಂಪತಿಗಳು ಯಾವ ದೋಣಿ ಹತ್ತುತ್ತಾರೆ ಎಂಬುದರ ಮೇಲೆ ಅವರು ಕಾಣುವ ಊರು ಯಾವುದೆಂಬುದೂ ನಿರ್ಧಾರವಾಗುತ್ತದೆ. ನಾನು ಮತ್ತು ನನ್ನ ಪತಿ ಸಾರ್ವಜನಿಕ ಯಂತ್ರದೋಣಿಯಾದ ವಾಪೊರೆಟ್ಟೊ, ಅಂಬಿಗ ಹುಟ್ಟು ಹಾಕುವ ಹೆಸರಾಂತ ಗೊಂಡೋಲಾ, ಮತ್ತು ಒಂದು ದಡದಿಂದ ಎದುರು ದಡಕ್ಕೆ ದಾಟಿಸುವ ಟ್ರಾಗೆಟ್ಟೊ ಈ ಮೂರರಲ್ಲಿಯೂ ಪಯಣಿಸಿದೆವು. ಒಂದನ್ನು ಮಾತ್ರ ಆರಿಸಿಕೊಳ್ಳಬೇಕೆಂದರೆ ನಾನು ವಾಪೊರೆಟ್ಟೊವನ್ನೇ ಹೇಳುತ್ತೇನೆ. ಹಾಗೆಂದು ಗೊಂಡೋಲಾ ಎಂದರೆ ದುಡ್ಡು ದಂಡ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಗ್ರ್ಯಾಂಡ್ ಕಾಲುವೆ ಸುಮಾರು 3.8 ಕಿಲೋಮೀಟರ್ ಉದ್ದವಾಗಿದ್ದು, ತಿರುಗಿಸಿ ಬರೆದ ಇಂಗ್ಲಿಷಿನ ಎಸ್ ಅಕ್ಷರದ ಆಕಾರದಲ್ಲಿ ಊರನ್ನು ಎರಡು ಭಾಗ ಮಾಡುತ್ತದೆ. 1ನೇ ಮಾರ್ಗದ ವಾಪೊರೆಟ್ಟೊ ಇದರ ಬಹುತೇಕ ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುತ್ತಾ, ಒಮ್ಮೆ ಈ ದಡ ಒಮ್ಮೆ ಆ ದಡ ಎಂದು ಅಡ್ಡಾಡುತ್ತಾ, ಪಿಯಾಟ್ಸಾಲೆ ರೋಮಾದಿಂದ ಸಾನ್ ಮಾರ್ಕೊ ತಲುಪಲು ಮುಕ್ಕಾಲು ಗಂಟೆಯಷ್ಟು ತೆಗೆದುಕೊಳ್ಳುತ್ತದೆ. ತುರ್ತಾಗಿ ತಲುಪಬೇಕಾದವರಿಗೆ ಈ ನಿಧಾನ ಬೇಸರ ತರಿಸೀತು. ನೋಡಲು ಬಂದವರಿಗೆ ಅದೇ ಲಾಭ. ಬೇಗ ಸಾಗುವ 2ನೇ ಮಾರ್ಗದ ದೋಣಿ ಕಡಿಮೆ ಕಡೆ ನಿಲ್ಲುವುದರಿಂದ, ಒಂದು ಕಟ್ಟಡದ ಕಿಟಕಿಗಳ ಕಮಾನನ್ನು ಕಣ್ಣು ಹಿಡಿಯುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ.

ರೈಲಿನಲ್ಲಿ ಬಂದವರು ಸಾಂಟಾ ಲೂಚಿಯಾ ನಿಲ್ದಾಣದ ಎದುರಿನ ಫೆರೋವಿಯಾದಲ್ಲಿ ಹತ್ತುವುದು ವಾಡಿಕೆ. ಅಷ್ಟು ಹೊತ್ತಿಗೆ ಹೊರಾಂಗಣದ ಆಸನಗಳು ತುಂಬಿರುತ್ತವೆ. ಹೊಸ ಸೇತುವೆಯನ್ನು ದಾಟಿ, ಹಿಂದಿನ ನಿಲ್ದಾಣವಾದ ಪಿಯಾಟ್ಸಾಲೆ ರೋಮಾಕ್ಕೆ ಕೆಲವೇ ನಿಮಿಷ ನಡೆದು ಹೋದರೆ ದೋಣಿ ಹೊರಡುವ ಸ್ಥಳದಲ್ಲಿಯೇ ಹತ್ತಿ, ಹಿಂಭಾಗದ ತೆರೆದ ಜಾಗದಲ್ಲಿ ಕುಳಿತುಕೊಳ್ಳಬಹುದು. ರಿಯಾಲ್ಟೊ ಸೇತುವೆಯವರೆಗೆ ಎಡಗಡೆಗೆ ಕಣ್ಣಿಟ್ಟಿರುವುದು ಒಳ್ಳೆಯದು: ಸಂಗೀತಗಾರ ರಿಚರ್ಡ್ ವಾಗ್ನರ್ 1883ರಲ್ಲಿ ತೀರಿಕೊಂಡ ವೆಂಡ್ರಾಮಿನ್ ಕಲೆರ್ಜಿ ಅರಮನೆಯೂ, 15ನೇ ಶತಮಾನದ ಕಾ ದೋರೊದ ಸೂಕ್ಷ್ಮ ಕಲ್ಲಿನ ಜಾಲಂದ್ರವೂ ಆ ಕಡೆಗಿವೆ. 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯ ಒಂಟಿ ಕಮಾನಿನ ಕೆಳಗೆ ಹಾದ ಮೇಲೆ ಬಲಗಡೆಗೆ ತಿರುಗಬೇಕು. ಕಾ ಫೋಸ್ಕಾರಿ, ಕಾ ರೆಝೋನಿಕೊ ಅರಮನೆಗಳು, ಮತ್ತು ಕೊನೆಯಲ್ಲಿ ಸಾಂಟಾ ಮರಿಯಾ ದೆಲ್ಲಾ ಸಲೂಟೆಯ ಬಿಳಿಯ ಗುಮ್ಮಟ ಸಾಲಾಗಿ ಬರುತ್ತವೆ. 1630ರ ಪ್ಲೇಗಿನಿಂದ ಊರನ್ನು ಪಾರುಮಾಡಬೇಕೆಂದು ಹೊತ್ತ ಹರಕೆಯಿಂದ ಎದ್ದ ಇಗರ್ಜಿ ಅದು. ಕಾಲುವೆಯ ತಿರುವಿನ ಆಚೆಯಿಂದ ಅದು ನಿಧಾನವಾಗಿ ಹೊರಬರುವುದನ್ನು ನೋಡಲು 1ನೇ ಮಾರ್ಗದ ವೇಗ ಹೇಳಿ ಮಾಡಿಸಿದಂತಿದೆ.

ಹೊತ್ತನ್ನು ಆರಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಪೆಟ್ಟಿಗೆ ಹಿಡಿದವರ ನೂಕುನುಗ್ಗಲಿನಲ್ಲಿ ಏನೂ ಕಾಣುವುದಿಲ್ಲ. ರಾತ್ರಿ ಊಟದ ನಂತರ ಹತ್ತಿದಾಗ ದೋಣಿ ಅರ್ಧ ಖಾಲಿಯಾಗಿತ್ತು. ಅರಮನೆಗಳ ಮೇಲಂತಸ್ತಿನಲ್ಲಿ ದೀಪ ಹತ್ತಿದ್ದರಿಂದ, ಹಗಲು ಹೊರಗೋಡೆ ಮಾತ್ರ ತೋರಿದ ಮನೆಗಳ ಒಳಗಿನ ಬಣ್ಣ ಬಳಿದ ಮರದ ಛಾವಣಿಗಳೂ ಗಾಜಿನ ತೂಗುದೀಪಗಳೂ ಕೆಳಗಿನಿಂದ ಕಾಣಿಸಿದವು. ಜೊತೆಯಾಗಿ ಬಂದವರಿಗೆ ಇದಕ್ಕಿಂತ ಸೊಗಸಾದ ಪಯಣ ಆ ಊರಿನಲ್ಲಿ ಇಲ್ಲವೆಂದೇ ನನ್ನ ಎಣಿಕೆ.

ಇನ್ನು ಗೊಂಡೋಲಾ. ನಗರವೇ ನಿಗದಿಪಡಿಸಿದ ದರದಂತೆ, 2023ರ ನವೆಂಬರಿನಿಂದ ಹಗಲು ಅರ್ಧ ಗಂಟೆಗೆ 90 ಯೂರೊ, ಸಂಜೆ ಏಳರ ನಂತರ 110 ಯೂರೊ. ಇದು ಇಡೀ ದೋಣಿಯ ಬಾಡಿಗೆ. ಐವರವರೆಗೆ ಕೂರಬಹುದಾದ್ದರಿಂದ ಇಬ್ಬರೇ ಹೋದರೆ ತಲೆಗೆ ಹೆಚ್ಚು ಬೀಳುತ್ತದೆ. ಕೊಟ್ಟ ಹಣಕ್ಕೆ ಏನು ಸಿಗುತ್ತದೆ ಎಂಬುದು ದೋಣಿಯನ್ನು ಎಲ್ಲಿ ಹತ್ತುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಾನ್ ಮಾರ್ಕೊದ ಎದುರಿನ ವಿಶಾಲವಾದ ನೀರಿನಲ್ಲಿ ಯಂತ್ರದೋಣಿಗಳು ಎಬ್ಬಿಸುವ ಅಲೆಗಳಿಗೆ ಗೊಂಡೋಲಾ ಹೊಯ್ದಾಡುತ್ತದೆ, ನಿಟ್ಟುಸಿರಿನ ಸೇತುವೆಯ ಕೆಳಗಂತೂ ದೋಣಿಯ ಹಿಂದೆ ದೋಣಿ ಕಾಯುತ್ತಿರುತ್ತದೆ. ಗ್ರ್ಯಾಂಡ್ ಕಾಲುವೆಯ ನೋಟಕ್ಕಾಗಿಯೇ ಗೊಂಡೋಲಾ ಹತ್ತುವುದಾದರೆ, ಅದೇ ನೋಟವನ್ನು ಇಬ್ಬರಿಗೆ ಐದನೆಯ ಒಂದು ಪಾಲಿನಷ್ಟು ಖರ್ಚಿನಲ್ಲಿ ವಾಪೊರೆಟ್ಟೊ ಕೊಡುತ್ತದೆ.

ನಾವು ಸಾನ್ ಪೋಲೊ ಭಾಗದ ಒಳಗಾಲುವೆಯೊಂದರಲ್ಲಿ ಹತ್ತಿದೆವು. ದೊಡ್ಡ ಕಾಲುವೆಗೆ ಹೋಗುವುದು ಬೇಡ, ಸಣ್ಣವುಗಳಲ್ಲಿಯೇ ಸುತ್ತಿಸಿ ಎಂದು ಅಂಬಿಗನಿಗೆ ಮೊದಲೇ ಹೇಳಿದ್ದೆವು. ಅಲ್ಲಿ ಯಂತ್ರದ ಸದ್ದಿಲ್ಲ. ಹುಟ್ಟು ನೀರನ್ನು ತಳ್ಳುವ ಸದ್ದು, ಮೂಲೆ ತಿರುಗುವ ಮುನ್ನ ಎದುರಿನಿಂದ ಬರುವವರಿಗೆ ಎಚ್ಚರಿಸಲು ಅಂಬಿಗ ಕೂಗುವ ‘ಓಯೆ’, ಇಷ್ಟೇ. ಪಾಚಿ ಕಟ್ಟಿದ ಮೆಟ್ಟಿಲುಗಳು, ನೀರಿನಂಚಿನಲ್ಲಿ ಉಪ್ಪು ತಿಂದ ಇಟ್ಟಿಗೆಗಳು, ಮುಚ್ಚಿದ ನೀರ್ಬಾಗಿಲುಗಳು ಕೈಗೆಟುಕುವಷ್ಟು ಹತ್ತಿರ ಸಾಗಿದವು. ಕಾಲುದಾರಿಯೇ ಇಲ್ಲದ ಈ ಸ್ಥಳಗಳಿಗೆ ವಾಪೊರೆಟ್ಟೊ ಬರಲಾರದು, ನಡೆದೂ ತಲುಪಲಾಗದು.

ದೋಣಿಯ ರಚನೆಯನ್ನು ಗಮನಿಸುವುದೂ ಆ ಅರ್ಧ ಗಂಟೆಯ ಸಾರ್ಥಕತೆಯ ಭಾಗ. ಸುಮಾರು 11 ಮೀಟರ್ ಉದ್ದದ ಗೊಂಡೋಲಾದ ಎಡ ಮಗ್ಗುಲು ಬಲಕ್ಕಿಂತ 24 ಸೆಂಟಿಮೀಟರ್ ಅಗಲವಾಗಿದೆ. ಅಂಬಿಗ ಹಿಂದೆ ನಿಂತು ಬಲಗಡೆಯಲ್ಲಿ ಒಂದೇ ಹುಟ್ಟು ಹಾಕುವುದರಿಂದ ದೋಣಿ ಸಹಜವಾಗಿ ಎಡಕ್ಕೆ ತಿರುಗಬೇಕು. ಈ ಡೊಂಕು ಅದನ್ನು ತಡೆದು ನೇರ ನಡೆಸುತ್ತದೆ. ಹುಟ್ಟನ್ನು ಆನಿಸುವ ಫೋರ್ಕೊಲಾ ಎಂಬ ತಿರುಚಿದ ಮರದ ಆಧಾರವನ್ನು ಸಾಮಾನ್ಯವಾಗಿ ವಾಲ್‌ನಟ್ ಮರದಲ್ಲಿ ಕಡೆದಿರುತ್ತಾರೆ. ಅದರ ಬೇರೆ ಬೇರೆ ಬಾಗುಗಳಲ್ಲಿ ಹುಟ್ಟನ್ನಿಟ್ಟು ಮುಂದೆ ಹೋಗುವುದು, ನಿಲ್ಲುವುದು, ಹಿಂದೆ ಸರಿಯುವುದು ಎಲ್ಲವನ್ನೂ ಅವನು ಮಾಡುತ್ತಾನೆ. ಈ ಕೈಚಳಕವನ್ನು ಎರಡಡಿ ದೂರದಿಂದ ನೋಡಿದ ಮೇಲೆ ಬಾಡಿಗೆ ದುಬಾರಿ ಎಂದು ನನಗೆ ಅನ್ನಿಸಲಿಲ್ಲ. ಖರ್ಚು ಮಾಡಲಾಗದವರು ದೊರ್ಸೊದೂರೊ ಭಾಗದ ಸಾನ್ ತ್ರೊವಾಸೊ ದೋಣಿಕಟ್ಟೆಯ ಎದುರು ದಡದಲ್ಲಿ ನಿಂತರೆ, ದುರಸ್ತಿಗೆ ಮೇಲೆಳೆದ ಗೊಂಡೋಲಾಗಳನ್ನು ಹಣವಿಲ್ಲದೆ ನೋಡಬಹುದು.

ಟ್ರಾಗೆಟ್ಟೊ ನಮ್ಮ ಕರಾವಳಿಯವರು ಬಲ್ಲ ಕಡವಿನ ದೋಣಿಯೇ. ಗ್ರ್ಯಾಂಡ್ ಕಾಲುವೆಯ ಮೇಲೆ ಸೇತುವೆಗಳು ನಾಲ್ಕೇ ಇರುವುದರಿಂದ, ನಡುವಿನ ಕೆಲವು ಕಡೆ ಅಲಂಕಾರವಿಲ್ಲದ ಗೊಂಡೋಲಾಗಳಲ್ಲಿ ಮುಂದೊಬ್ಬ ಹಿಂದೊಬ್ಬ ಅಂಬಿಗರು ಜನರನ್ನು ದಾಟಿಸುತ್ತಾರೆ. ಪ್ರವಾಸಿಗರಿಗೆ 2 ಯೂರೊ, ಪಯಣ ಒಂದೆರಡು ನಿಮಿಷ. ಸಾಂಟಾ ಸೊಫಿಯಾದಿಂದ ಹೊರಟ ದೋಣಿ ನಮ್ಮನ್ನು ರಿಯಾಲ್ಟೊದ ಮೀನುಮಾರುಕಟ್ಟೆಯ ಎದುರಿಗೇ ಇಳಿಸಿತು. ಪ್ರವಾಸದ ಅನುಭವವೆಂದು ಇದು ಗೊಂಡೋಲಾಕ್ಕೆ ಬದಲಿಯಾಗಲಾರದು, ಬದಲಿಯಾಗುತ್ತದೆಂದು ಸಲಹೆ ಕೊಡುವವರ ಮಾತನ್ನು ನಂಬಬೇಡಿ; ಆದರೆ ಮಾರುಕಟ್ಟೆಗೆ ಹೋಗುವ ದಾರಿಯಾಗಿ ಇದನ್ನು ಬಿಡಬಾರದು.

ಖರ್ಚಿನ ವಿಷಯದಲ್ಲಿ, ವಾಪೊರೆಟ್ಟೊದ 75 ನಿಮಿಷಗಳ ಒಂದು ಟಿಕೆಟ್‌ಗೆ ನಾವು ಕೊಟ್ಟದ್ದು 9.50 ಯೂರೊ, 24 ಗಂಟೆಗಳ ಪಾಸಿಗೆ 25 ಯೂರೊ ಇತ್ತು. ಒಂದೇ ದಿನದಲ್ಲಿ ಮೂರು ಬಾರಿ ಹತ್ತುವವರಿಗೆ ಪಾಸೇ ಲಾಭ. ಹತ್ತುವ ಮುನ್ನ ಯಂತ್ರಕ್ಕೆ ಮುಟ್ಟಿಸಿ ಸಕ್ರಿಯಗೊಳಿಸಬೇಕು, ಇಲ್ಲದಿದ್ದರೆ ದಂಡ.

ಅದೇ ಪಾಸಿನಲ್ಲಿ ಇನ್ನೊಂದು ಆಯ್ಕೆಯೂ ತೀರ್ಮಾನವಾಗುತ್ತದೆ: ಊರನ್ನು ಎತ್ತರದಿಂದ ಎಲ್ಲಿ ನಿಂತು ನೋಡುವುದು? ಸಾನ್ ಮಾರ್ಕೊ ಚೌಕದ ಗಂಟೆಗೋಪುರ 98 ಮೀಟರಿಗಿಂತ ಎತ್ತರ. 1902ರ ಜುಲೈ 14ರಂದು ಕುಸಿದುಬಿದ್ದ ಅದನ್ನು ಹಿಂದೆ ಇದ್ದ ಹಾಗೆಯೇ ಇದ್ದಲ್ಲಿಯೇ ಕಟ್ಟಿ 1912ರಲ್ಲಿ ತೆರೆದರು. 1609ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ಊರಿನ ಆಳುವವರಿಗೆ ತೋರಿಸಿದ್ದು ಹಳೆಯ ಗೋಪುರದ ಮೇಲಿಂದ. ಇತಿಹಾಸ ದೊಡ್ಡದು, ಸರದಿಯೂ ಉದ್ದ. ಸಾನ್ ಝಕ್ಕರಿಯಾದಿಂದ 2ನೇ ಮಾರ್ಗದಲ್ಲಿ ಒಂದೇ ನಿಲ್ದಾಣ ದಾಟಿದರೆ ಸಿಗುವ ಸಾನ್ ಜೊರ್ಜೊ ಮಜ್ಜೊರೆ ದ್ವೀಪದ ಗೋಪುರವನ್ನು ನಾನು ಮೇಲೆ ಇಡುತ್ತೇನೆ. ಸಾನ್ ಮಾರ್ಕೊದ ಗೋಪುರ, ಹಿಂದೆ ಊರನ್ನು ಆಳುತ್ತಿದ್ದ ಡೋಜೆಯ ಅರಮನೆ, ಸಲೂಟೆಯ ಗುಮ್ಮಟ ಇವೆಲ್ಲವೂ ಒಂದೇ ನೋಟದಲ್ಲಿ ಕಾಣುವುದು ಇಲ್ಲಿಂದ. ಊರು ಉತ್ತರಕ್ಕಿರುವುದರಿಂದ ನಡುಹಗಲಿನ ಬಿಸಿಲು ನಮ್ಮ ಬೆನ್ನಿಗಿರುತ್ತದೆ, ಚಿತ್ರಗಳು ಸ್ಪಷ್ಟವಾಗಿ ಮೂಡುತ್ತವೆ. ದಕ್ಷಿಣಕ್ಕೆ ತಿರುಗಿದರೆ ಲಗೂನಿನ ಹಿನ್ನೀರು ಕ್ಯೊಜ್ಜಾದ ಕಡೆಗೆ ಹರಡಿಕೊಂಡಿದೆ. ವಿಜಯನಗರವನ್ನು ಕಂಡು ಅದರ ವಿಸ್ತಾರವನ್ನು ವರ್ಣಿಸಿದ ವರ್ತಕ ನಿಕೊಲೊ ಕೊಂಟಿಯ ಊರು ಅದು. ಮೇಲೆ ಹೋಗಲು ಲಿಫ್ಟ್ ಇದೆ. ಗಂಟೆಗಳು ತಲೆಯ ಮೇಲೆಯೇ ಇರುವುದರಿಂದ ಅವು ಬಾರಿಸುವ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಬೇಕಾದೀತು. ಇಳಿದ ಮೇಲೆ ವಾಸ್ತುಶಿಲ್ಪಿ ಪಲ್ಲಾಡಿಯೊ ರೂಪಿಸಿದ ಇಗರ್ಜಿಯೊಳಗೆ ಹೋಗಿ, ಬಲಿಪೀಠದ ಬಲಗಡೆಯ ಗೋಡೆಯಲ್ಲಿರುವ ಚಿತ್ರಕಾರ ತಿಂತೊರೆತ್ತೊನ ‘ಕೊನೆಯ ಭೋಜನ’ವನ್ನು ತಪ್ಪದೆ ನೋಡಬೇಕು, ಅದಕ್ಕೆ ಟಿಕೆಟ್ ಇಲ್ಲ.