ಹಳದಿಗಟ್ಟಿದ ಹೆಡ್‌ಲೈಟಿಗೆ ಕಿಟ್ ಮತ್ತು ಕ್ಲಿಯರ್ ಕೋಟ್: ಮೂರು ಮಳೆಗಾಲಗಳ ನಂತರ

ನನ್ನದು 2010ರ ಮಾದರಿಯ ಸಣ್ಣ ಪೆಟ್ರೋಲ್ ಕಾರು. ಮನೆ ಚಿಕ್ಕಮಗಳೂರಿನಲ್ಲಿದೆ, ಕೊಟ್ಟಿಗೆಹಾರದ ಬಳಿ ಇರುವ ಅಮ್ಮನನ್ನು ನೋಡಲು ವಾರಕ್ಕೊಮ್ಮೆ ಮೂಡಿಗೆರೆ ದಾಟಿ ಹೋಗುತ್ತೇನೆ, ಹಿಂತಿರುಗುವಾಗ ಸಾಮಾನ್ಯವಾಗಿ ಕತ್ತಲಾಗಿರುತ್ತದೆ. 2021ರ ಮಳೆಗಾಲದ ಹೊತ್ತಿಗೆ ಎರಡೂ ಹೆಡ್‌ಲೈಟುಗಳ ಗಾಜು ಹಳದಿಗಟ್ಟಿ, ಕೈಯಾಡಿಸಿದರೆ ತರಿತರಿಯಾಗಿ ತಾಗುತ್ತಿತ್ತು. ಗಾಜು ಎನ್ನುವುದು ನಮ್ಮ ರೂಢಿಯ ಮಾತು. ಹಳೆಯ ಅಂಬಾಸಿಡರ್ ಕಾರುಗಳಲ್ಲಿ ಇದ್ದದ್ದು ನಿಜವಾದ ಗಾಜು, ಅದು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲೆ ಕಾರ್ಖಾನೆಯಲ್ಲಿಯೇ ಒಂದು ತೆಳುವಾದ ಗಟ್ಟಿ ಲೇಪನ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲಿನ ನೇರಳಾತೀತ ಕಿರಣಗಳಿಗೆ ಸಿಕ್ಕಿ ಆ ಲೇಪನ ಸವೆದು ಬಿರುಕು ಬಿಟ್ಟ ಮೇಲೆ ಒಳಗಿನ ಪ್ಲಾಸ್ಟಿಕ್ ಹಳದಿಯಾಗತೊಡಗುತ್ತದೆ.

ಇದು ಅಂದಚಂದದ ವಿಷಯವಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮಸುಕಾದ ಲೆನ್ಸು ಬೆಳಕನ್ನು ಕಡಿಮೆ ಮಾಡುವುದರ ಜೊತೆಗೆ ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಡಿಮ್‌ನಲ್ಲಿ ಓಡಿಸಿದರೂ ಒಂದಷ್ಟು ಬೆಳಕು ಮೇಲಕ್ಕೆ ಹೋಗುತ್ತದೆ. ಕೊಟ್ಟಿಗೆಹಾರದ ಮಂಜಿನಲ್ಲಿ ಆ ಬೆಳಕು ಕಣ್ಣೆದುರು ಬಿಳಿಯ ಪರದೆಯಾಗಿ ನಿಲ್ಲುತ್ತಿತ್ತೇ ಹೊರತು ರಸ್ತೆಯ ಅಂಚು ಕಾಣುತ್ತಿರಲಿಲ್ಲ.

ಮೊದಲ ಪ್ರಯತ್ನವಾಗಿ ಅದೇ ವರ್ಷ ಒಂದು ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆಷಿನ್ನಿನಿಂದ ಉಜ್ಜಿಸಿದೆ. ಸಂಜೆಗೆ ಹೊಸದರಂತೆ ಹೊಳೆಯುತ್ತಿದ್ದ ದೀಪಗಳು ನಾಲ್ಕೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಹಳದಿಯಾದವು. ಅಳಿದುಳಿದಿದ್ದ ಲೇಪನವನ್ನೂ ಉಜ್ಜಿ ತೆಗೆದು, ಬರಿಯ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಬಿಟ್ಟದ್ದೇ ಇದಕ್ಕೆ ಕಾರಣ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರಿಗೂ ಆಗುವುದು ಇದೇ. ಸೊಳ್ಳೆ ನಿವಾರಕ ಹಚ್ಚುವುದು ಇನ್ನೂ ಕೆಟ್ಟದ್ದು: ಹಲವು ನಿವಾರಕಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ತಾತ್ಕಾಲಿಕ ಹೊಳಪು ತೋರಿಸುತ್ತದೆ.

2022ರ ಮಾರ್ಚ್‌ನಲ್ಲಿ 1,150 ರೂಪಾಯಿಗೆ ಒಂದು ಕಿಟ್ ತರಿಸಿದೆ. ಅದರಲ್ಲಿ ಬೇರೆ ಬೇರೆ ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ; ನಂಬರು ಹೆಚ್ಚಿದಷ್ಟೂ ನಯ), ಪಾಲಿಷ್ ಮತ್ತು ಕೊನೆಗೆ ಒರೆಸಿ ಹಚ್ಚುವ ನೇರಳಾತೀತ ನಿರೋಧಕ ದ್ರವವಿದ್ದವು. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪನ್ನು ಎರಡು ಪದರವಾಗಿ ಅಂಟಿಸಿ, ಸದಾ ನೀರು ಹಾಕುತ್ತಾ 600ರಿಂದ ಆರಂಭಿಸಿ 1000, 1500, 2000, 3000 ಎಂದು ಸಾಗಿದೆ. ಈ ಹಂತದಲ್ಲಿ ಹರಿದು ಬರುವ ನೀರಿನ ಬಣ್ಣವನ್ನು ಗಮನಿಸಬೇಕು. ಹಳದಿ ನೀರು ಬರುತ್ತಿರುವವರೆಗೂ ಹಳೆಯ ಪದರ ಇನ್ನೂ ಇದೆ ಎಂದರ್ಥ. ಹಾಲಿನಂತೆ ಬೆಳ್ಳಗಾದ ಮೇಲೆಯೇ ಮುಂದಿನ ಪೇಪರ್ ಹಿಡಿಯಬೇಕು. ಒಂದು ಪೇಪರನ್ನು ಅಡ್ಡಡ್ಡಲಾಗಿ ಉಜ್ಜಿದರೆ ಮುಂದಿನದನ್ನು ಉದ್ದುದ್ದಕ್ಕೆ ಉಜ್ಜಬೇಕು, ಆಗ ಹಿಂದಿನ ಪೇಪರಿನ ಗೀರು ಉಳಿದಿದ್ದರೆ ಕಣ್ಣಿಗೆ ಬೀಳುತ್ತದೆ. ನನಗೆ ಒಂದು ದೀಪಕ್ಕೆ ಒಂದೂವರೆ ಗಂಟೆ ಹಿಡಿಯಿತು, ಅದರಲ್ಲಿ ಮುಕ್ಕಾಲು ಪಾಲು ಮೊದಲ ಎರಡು ಪೇಪರುಗಳಿಗೇ ಹೋಯಿತು.

ಎಡಗಡೆಯ ದೀಪ ಸರಿಯಾಗಿ ಮುಗಿಯಿತು. ಬಲಗಡೆಯದಕ್ಕೆ ದ್ರವ ಹಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ, ಕಾಫಿ ಬೆಳೆಗಾರರೆಲ್ಲ ಕಾಯುತ್ತಿದ್ದ ಹೂಮಳೆ ಸುರಿದುಬಿಟ್ಟಿತು. ಹಸಿಯಿದ್ದ ಲೇಪನ ಬೆಳ್ಳಗೆ ಗೆರೆಗೆರೆಯಾಗಿ ಒಣಗಿತು. ಮರುದಿನ ಪರಿಚಯದ ಟಿಂಕರಿಂಗ್ ಶೆಡ್ಡಿನ ಪೇಂಟರ್ ಬಳಿಗೆ ಹೋದೆ. ಅವರು ನೋಡಿ, "ಉಜ್ಜೋದು ಯಾರ್ ಬೇಕಾದ್ರೂ ಉಜ್ತಾರೆ ಸಾರ್, ಮೇಲಿನ ಕೋಟ್ ನಿಲ್ಬೇಕಲ್ಲ" ಎಂದು ಹೇಳಿ, ಬಲಗಡೆಯದನ್ನು ಪುನಃ 1000 ನಂಬರಿನಲ್ಲಿ ಉಜ್ಜಿ, ಆಲ್ಕೋಹಾಲಿನಿಂದ ಒರೆಸಿ, ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿದ ಕ್ಲಿಯರ್ ಕೋಟನ್ನು, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟನ್ನು, ಎರಡು ಬಾರಿ ಸ್ಪ್ರೇ ಮಾಡಿದರು. ಇಲ್ಲಿ ಪಾಲಿಷ್ ಮಾಡುವ ಹಂತವೇ ಇಲ್ಲ, ಏಕೆಂದರೆ ಕೋಟ್ ಹಿಡಿದುಕೊಳ್ಳಲು ಆ ಸಣ್ಣ ಗೀರುಗಳೇ ಬೇಕು; ಕೋಟ್ ಅವುಗಳನ್ನು ತುಂಬಿದೊಡನೆ ಲೆನ್ಸು ತಿಳಿಯಾಗುತ್ತದೆ. ಈ ಹಾರ್ಡ್ನರಿನಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುವುದರಿಂದ ಸರಿಯಾದ ಮಾಸ್ಕ್ ಇಲ್ಲದೆ ಮನೆಯಲ್ಲಿ ಸ್ಪ್ರೇ ಮಾಡಬಾರದು. ಅವರು ತೆಗೆದುಕೊಂಡದ್ದು 700 ರೂಪಾಯಿ.

ಹೀಗೆ ಒಂದೇ ಕಾರಿನಲ್ಲಿ ಎರಡು ಬಗೆಯ ಲೇಪನಗಳು ಆಕಸ್ಮಿಕವಾಗಿ ಉಳಿದುಕೊಂಡವು. ಕಾರು ನಿಲ್ಲುವುದು ಅಂಗಳದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ. ಎಡಗಡೆಯ ದೀಪಕ್ಕೆ ಕಾಂಪೌಂಡ್ ಗೋಡೆಯ ನೆರಳಿದೆ, ಬಲಗಡೆಯದಕ್ಕೆ ಮಧ್ಯಾಹ್ನದಿಂದ ಸಂಜೆಯವರೆಗೂ ಬಿಸಿಲು. ಆದರೂ ನೆರಳಿನಲ್ಲಿದ್ದ ಎಡಗಡೆಯದೇ ಹದಿನಾಲ್ಕು ತಿಂಗಳಿಗೆ ಮೇಲ್ಭಾಗದಲ್ಲಿ ಮಸುಕಾಯಿತು. 2023ರ ಮೇ ತಿಂಗಳಲ್ಲಿ ಮತ್ತೊಮ್ಮೆ ಉಜ್ಜಿ ಉಳಿದಿದ್ದ ದ್ರವವನ್ನು ಹಚ್ಚಿದೆ. 2024ರ ಕೊನೆಗೆ ಪುನಃ ಅದೇ ಸ್ಥಿತಿ. ಬಿಸಿಲುಂಡ ಬಲಗಡೆಯದು ಮೂರು ಮಳೆಗಾಲ ಕಳೆದು ಇಂದಿಗೂ ತಿಳಿಯಾಗಿದೆ. ಕಿಟ್ ಕೆಟ್ಟದ್ದೆಂದು ನಾನು ಹೇಳಲಾರೆ, ಅದರ ಪೇಪರುಗಳು ಕೊಟ್ಟ ಹಣಕ್ಕೆ ತಕ್ಕಂತೆಯೇ ಇವೆ. ಆದರೆ ಅದರ ದ್ರವವನ್ನು ವರ್ಷಕ್ಕೊಮ್ಮೆ ಹಚ್ಚಲು ಸಿದ್ಧರಿರುವವರು ಮಾತ್ರ ಕೊಳ್ಳಬೇಕು.

ಕ್ಲಿಯರ್ ಕೋಟಿಗೂ ಒಂದು ದೋಷವಿದೆ. ಕಳೆದ ವರ್ಷ ಚಾರ್ಮಾಡಿ ಘಾಟಿಯಲ್ಲಿ ಲಾರಿಯ ಚಕ್ರದಿಂದ ಸಿಡಿದ ಕಲ್ಲು ತಾಗಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಪದರ ಎದ್ದಿದೆ. ಅದು ಅಗಲವಾಗಿ ಸುಲಿದರೆ ಅಷ್ಟಕ್ಕೇ ತೇಪೆ ಹಾಕಲು ಬರುವುದಿಲ್ಲ, ಇಡೀ ಲೆನ್ಸನ್ನು ಮತ್ತೆ ಉಜ್ಜಬೇಕಾಗುತ್ತದೆ.

ಇನ್ನು, ಹೊರಗಿನಿಂದ ಎಷ್ಟೇ ಉಜ್ಜಿದರೂ ಸರಿಹೋಗದ ಸಂಗತಿಗಳಿವೆ: ಪ್ಲಾಸ್ಟಿಕ್ಕಿನ ಆಳಕ್ಕಿಳಿದ ಬಿರುಕು, ಒಳಗೆ ಹೋದ ನೀರು, ಬೆಳ್ಳಿಬಣ್ಣ ಕಳೆದುಕೊಂಡ ರಿಫ್ಲೆಕ್ಟರ್. 60/55 ವ್ಯಾಟಿನ ಬಲ್ಬಿನ ಜಾಗಕ್ಕೆ 100/90 ಹಾಕಿ ಕತ್ತಲೆಯನ್ನು ಗೆಲ್ಲಲು ಹೋದವರ ರಿಫ್ಲೆಕ್ಟರುಗಳು ಶಾಖಕ್ಕೆ ಹಾಳಾಗುವುದುಂಟು. ಅಂಥವರು ಹೊಸ ದೀಪವನ್ನೇ ಕೊಳ್ಳುವುದು ಸೂಕ್ತ. ನನ್ನ ಕಾರಿಗೆ ಜೋಡಿಗೆ 5,400 ರೂಪಾಯಿ ಹೇಳಿದ್ದರು.

ಎಡಗಡೆಯದನ್ನು ಈ ಸಲ ಹೂಮಳೆಗೆ ಮುಂಚೆಯೇ ಅದೇ ಪೇಂಟರ್ ಬಳಿಗೆ ಒಯ್ಯುತ್ತಿದ್ದೇನೆ.